ಹಗೇವಿನ ಬಾಯಿ

ಹೋದ ವಾರ ದುಮ್ಮವಾಡದ ಕಡೆಯ ಒಂದು ಶಾಲೆಯಲ್ಲಿ ನನ್ನ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದಾಗ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಮಳೆಗಾಲವಿಡೀ ಮುಚ್ಚಿಟ್ಟ ಪೆಟ್ಟಿಗೆ ಅದು. ಒಳಗೆ ಹಳೆಯ ಹಾಳೆಗಳು, ಬಣ್ಣದ ಪುಡಿ, ಕೂದಲುದುರಿದ ಕುಂಚಗಳು. ನಾನು ಥಟ್ಟನೆ ಮುಖ ಹಿಂದಕ್ಕೆ ತೆಗೆದು, ಎರಡು ಹೆಜ್ಜೆ ಸರಿದು ನಿಂತೆ. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿ ಕಣ್ಣು ದೊಡ್ಡದು ಮಾಡಿ, "ಯಾಕ್ರಿ ಅಕ್ಕೋರ, ಹಾವು ಐತೇನ್ರಿ?" ಎಂದು ಕೇಳಿದಳು. "ಇಲ್ಲವಾ, ಸ್ವಲ್ಪ ಗಾಳಿ ಆಡ್ಲಿ" ಅಂದೆ. ಆ ಮಾತನ್ನು ನನಗೆ ಕಲಿಸಿದವರು ಕುಂದಗೋಳ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸು. ಮಕ್ಕಳೆಲ್ಲ ಅವರನ್ನು ಅಡಿಗಿ ಅವ್ವಾರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ನನ್ನ ಕೆಲಸ ಏನೆಂದು ಹೇಳಿದರೆ ಈಗಲೂ ಜನ ನಗುತ್ತಾರೆ. ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಂದ ಚಿತ್ರ ತೆಗೆಸುತ್ತೇನೆ. ವಿಷಯ ಒಂದೇ: ರಾತ್ರಿ ಬೀಳುವ ಕನಸು, ಮತ್ತು ನಮ್ಮೊಳಗೆ ನಾವಷ್ಟೇ ಹೋಗಿ ಕೂರುವ ಜಾಗ. "ನಿದ್ದಿ ಮಾಡೂದು ಹುಡುಗುರಿಗೆ ಶಾಲ್ಯಾಗ ಕಲಸಬೇಕೇನ? ಅವು ತಾವ ಮಾಡ್ತಾವಲ್ಲ!" ಎಂದು ನನ್ನ ಮೈದುನ ಇಂದಿಗೂ ಕೆಣಕುತ್ತಾನೆ. ಹದಿನೈದು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಹೊಸಬಳು. ಹುಬ್ಬಳ್ಳಿಯಲ್ಲಿ ಚಿತ್ರಕಲೆ ಕಲಿತಿದ್ದೆ, ಒಂದಿಷ್ಟು ದೊಡ್ಡ ಪುಸ್ತಕ ಓದಿದ್ದೆ, ಸೊಕ್ಕೂ ಇತ್ತು.

ಸಂಶಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಆ ಊರಿಗೆ ಹೋಗಬೇಕಿತ್ತು. ಸುತ್ತ ಎತ್ತ ನೋಡಿದರೂ ಕಪ್ಪು ಮಣ್ಣಿನ ಎರಿಹೊಲ, ಅಂಗೈಯಂತೆ ಸಪಾಟು. ಮೊದಲ ದಿನವೇ ಹಾಳೆ ಹಂಚಿ, "ಕಣ್ಣು ಮುಚ್ಚಿ. ನಿಮ್ಮೊಳಗೆ ಇಳಿಯಿರಿ. ಕಂಡದ್ದನ್ನು ಚಿತ್ರ ತೆಗೆಯಿರಿ" ಅಂದೆ. ಅರ್ಧ ತಾಸಿನ ಮೇಲೆ ನೋಡಿದರೆ ಮೂವತ್ತೆರಡು ಹಾಳೆಗಳಲ್ಲೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬಾಜುವಿಗೊಂದು ತೆಂಗಿನ ಗಿಡ! ಆ ಮಕ್ಕಳು ಹುಟ್ಟಿದಾಗಿನಿಂದ ಊರಲ್ಲಿ ಒಂದು ದಿಬ್ಬವನ್ನೂ ಕಂಡವರಲ್ಲ. ನನಗೆ ಅಳುವೇ ಬಂತು.

ಬಾಗಿಲಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕೈಯಲ್ಲಿ ಸಾರಿನ ಸೌಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಣೆಯ ತುಂಬ ವಿಭೂತಿ. ಐವತ್ತೈದರ ಆಸುಪಾಸು ಇರಬೇಕು.

"ಅಲ್ರಿ ಅಕ್ಕೋರ, ಮುಚ್ಚಳಾ ತಗದಕೂಡ್ಲೆ ಯಾರರ ಒಳಗ ಇಳೀತಾರೇನ್ರಿ? ಗಾಳಿ ಆಡಬೇಕು" ಎಂದು ಹೇಳಿ ಒಲೆಯ ಕಡೆ ಹೊರಟೇ ಹೋದರು.

ನನಗೆ ಸಿಟ್ಟು ಬಂತು. ಅಡಿಗೆಯವರು ಬಂದು ನನಗೆ ಪಾಠ ಹೇಳುವುದೇ? ಆದರೂ ಊಟದ ಗದ್ದಲ ಮುಗಿದ ಮೇಲೆ ಕಾಲುಗಳು ತಾವಾಗಿ ಅಡಿಗೆ ಕೋಣೆಯತ್ತ ನಡೆದವು. ಅವರು ದೊಡ್ಡ ಪಾತ್ರೆಯೊಳಗೆ ಅರ್ಧ ದೇಹ ತೂರಿಸಿ ತಿಕ್ಕುತ್ತಿದ್ದರು. ಅಲ್ಲಿಂದಲೇ ಮಾತು ಶುರು ಮಾಡಿದರು.

ಅವರ ಅಪ್ಪ ಹಗೇವಿಗೆ ಇಳಿಯುವ ಕೆಲಸ ಮಾಡುತ್ತಿದ್ದರಂತೆ. ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಮೇಲೆ ಒಬ್ಬರು ತೂರುವಷ್ಟೇ ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲ ಹೊಟ್ಟೆ. ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಜೋಳ ಕೆಡದು. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಅವಸರ ಮಾಡಿ ಇಳಿದವರು ಮೇಲೆ ಬಂದದ್ದಿಲ್ಲ. ಅದಕ್ಕೆ ಮೊದಲ ದಿನ ಬಾಯಿ ತೆರೆದು ಸುಮ್ಮನೆ ಬಿಡಬೇಕು. ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿ, ಆರಿದರೆ ಮನೆಗೆ ಹೋಗು. ಇಳಿದ ಮೇಲೂ ಹಗ್ಗ ಹಿಡಿದವರು ಮೇಲಿನಿಂದ ಮಾತಾಡುತ್ತಲೇ ಇರಬೇಕು. ಕೆಳಗಿದ್ದವರು 'ಓ' ಅನ್ನುತ್ತಿರಬೇಕು. 'ಓ' ನಿಂತರೆ ಎಳೆಯಬೇಕು.

"ನನ್ನೂ ಇಳಸ್ತಿದ್ದ ನಮ್ಮಪ್ಪ, ತಳದಾಗಿನ ಕಾಳು ಬಳಿಯಾಕ. ಸಣ್ಣಾಕಿದ್ನೆಲ್ಲ, ಹಗುರಿದ್ದೆ. ಅಗದಿ ತಂಪ್ರಿ ಒಳಗ. ನನ್ನ ದನೀನ ನನಗ ಬ್ಯಾರೆ ಯಾರದೋ ಅನಸ್ತಿತ್ತು..." ಎಂದು ಪಾತ್ರೆಯೊಳಗಿಂದ ತಲೆ ಹೊರಗೆ ತೆಗೆದರು. "ಹುಡುಗುರೂ ಹಂಗ ಅಲ್ಲೇನ್ರಿ? ಇಂದ ಬಂದು ಇಂದ ಇಳೀರಿ ಅಂದ್ರ, ಯಾರೋ ಬರದಿಟ್ಟ ಗುಡ್ಡಾ ತಂದು ನಿಮ್ಮ ಮುಂದ ಇಡ್ತಾವು."

ಮುಂದಿನ ವಾರದಿಂದ ನಾನು ಅವರು ಹೇಳಿದಂತೆಯೇ ಮಾಡಿದೆ. ಮೊದಲ ದಿನ ಹಾಳೆಯೇ ಇಲ್ಲ, ಬರೀ ಹರಟೆ. ಎರಡನೆಯ ದಿನ ಒಂದೇ ಒಂದು ಸಣ್ಣ ಪ್ರಶ್ನೆ, ಆಮೇಲೆ ಮುಖ ನೋಡುವುದು. ಮುಖ ಬೆಳಗಿದರೆ ಮುಂದಿನ ಮಾತು, ಕಂದಿದರೆ ಅಲ್ಲಿಗೇ ಬಿಡುವುದು. ಅವರು ಚಿತ್ರ ತೆಗೆಯುವಾಗ ನಾನು ನಡುನಡುವೆ "ಎಲ್ಲಿದ್ದೀರಿ?" ಅಂತ ಕೂಗುತ್ತಿದ್ದೆ, ಅವರು ತಲೆ ಎತ್ತದೆ "ಓ" ಅನ್ನುತ್ತಿದ್ದರು. ಗುಡ್ಡಗಳು ಒಂದೊಂದಾಗಿ ಮಾಯವಾದವು. ಒಬ್ಬ ತನ್ನ ಹೊಟ್ಟೆಯೊಳಗೆ ಗುಡಗೇರಿಯ ರೈಲು ನಿಲ್ಲುತ್ತದೆಂದು ತೆಗೆದ. ಇನ್ನೊಬ್ಬಳು ಸತ್ತ ಅಜ್ಜಿಯನ್ನು ಮೆಣಸಿನಕಾಯಿಯ ರಾಶಿಯ ಮೇಲೆ ಕೂರಿಸಿ ಸೀನಿಸಿದಳು. ಏನು ಹಿಗ್ಗು ಆಗ ನನಗೆ! ಆ ಹಿಗ್ಗೇ ಕಣ್ಣು ಕಟ್ಟಿತು.

ಆರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಬಹಳ ಮಾತಿಲ್ಲದವಳು. ಅವರ ಮನೆಗೆ ಟ್ರ್ಯಾಕ್ಟರ್ ಬಂದು, ಎತ್ತನ್ನು ಸಂತೆಗೆ ಹೊಡೆದು ಮಾರಿದ್ದರು. ಅವಳು ತೆಗೆದದ್ದು ಗ್ವಾದಲಿಯ ಚಿತ್ರ, ದನಕ್ಕೆ ಮೇವು ಹಾಕುವ ಕಟ್ಟೆ. ಅದರ ಕೆಳಗೊಂದು ಕೋಣೆ, ಕೋಣೆಯಲ್ಲಿ ಆ ಎತ್ತು, ಎತ್ತಿನ ಕೊರಳಿಗೆ ಅವಳ ಶಾಲೆಯ ಪಾಟೀಚೀಲ, ಪಕ್ಕದಲ್ಲಿ ಕಾಲು ಚಾಚಿ ಕೂತ ಅವಳು. ಅಂಥ ಚಿತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕೊನೆಗೆ ಪಾಲಕರನ್ನು ಕರೆದು ಚಿತ್ರಗಳ ಪ್ರದರ್ಶನ ಇಟ್ಟೆವು. ಊರ ಹಿರಿಯರೆಲ್ಲ ಕುರ್ಚಿ ತುಂಬಿದ್ದರು. ನಾನು ಆ ಹಾಳೆ ಎತ್ತಿ ಹಿಡಿದು, ಹುಡುಗಿಯನ್ನು ಮುಂದೆ ಕರೆದು, "ಹೇಳು, ಇಲ್ಲಿ ಏನಾಗುತ್ತಿದೆ?" ಎಂದೆ. ಅವಳು ನೆಲ ನೋಡಿದಳು. ಮುಖ ಕಪ್ಪಿಟ್ಟಿತು. ನಾನು ಬಿಡಲಿಲ್ಲ, ಇನ್ನೊಮ್ಮೆ ಕೇಳಿದೆ. "ಇಂವಾ ರಾತ್ರಿ ನನ್ನ ಕೂಡ ಮಾತಾಡ್ತಾನ್ರಿ" ಅಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಕೇಳಿಸಿತ್ತು. ಇಡೀ ಸಭೆ ಗೊಳ್ಳೆಂದಿತು. ಸಂಜೆಯ ಹೊತ್ತಿಗೆ ಓಣಿಯ ಹುಡುಗರ ಬಾಯಲ್ಲಿ ಅವಳು 'ಎತ್ತಿನ ಹೇಣ್ತಿ' ಆಗಿದ್ದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ವಾರವಾದರೂ ಬರಲಿಲ್ಲ. ಹನ್ನೆರಡು ವರ್ಷದ ಹುಡುಗಿ ತಿಂಗಳು ಮನೆಯಲ್ಲಿ ಉಳಿದರೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಾಳೆ, ಆಮೇಲೆ ಪಾಟೀಚೀಲ ಗೂಟದಲ್ಲೇ ನೇತಾಡುತ್ತದೆ. ಅದು ಆ ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. "ನಾಕ್ ದಿನಾ ಬಿಟ್ಟು ಬರ್ತಾಳ ತಗೋರಿ" ಎಂದು ಹೆಡ್‌ಮಾಸ್ತರು ಕೈಚೆಲ್ಲಿದರು.

ಅಡಿಗೆಯ ಅವ್ವ ಮಾತ್ರ ನನ್ನನ್ನು ಬಿಡಲಿಲ್ಲ. ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ದೀಪ ಆರಿದ್ದು ಕಾಣಲಿಲ್ಲೇನ್ರಿ ನಿಮಗ? ಆಕಿ ಮಾರಿ ನೋಡಿದ್ರಿಲ್ಲೊ? ನೋಡೀನೂ ಇಳಸಿದ್ರೆಲ್ಲ!" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಸಂಜಿಮುಂದ ಆಕಿ ಮನಿಗೆ ಹೋಗೂಣು ನಡೀರಿ. ಶಾಲಿ ಮಾತು ತಗೀಬ್ಯಾಡ್ರಿ. ಚಿತ್ರದ ಮಾತು ಅಂತೂ ತಗೀಲೇಬ್ಯಾಡ್ರಿ" ಅಂದರು.

ಮೂರು ಸಂಜೆ ಹೋದೆವು. ಹುಡುಗಿಯ ತಾಯಿ ಬೀಜಕ್ಕೆಂದು ಶೇಂಗಾ ಸುಲಿಯುತ್ತಿದ್ದಳು, ನಾವೂ ಕೂತು ಸುಲಿದೆವು. ಹುಡುಗಿ ಒಳಬಾಗಿಲ ಹಿಂದೆಯೇ ಇದ್ದಳು, ಅವಳ ಕಾಲ್ಬೆರಳು ಮಾತ್ರ ಕಾಣುತ್ತಿತ್ತು. ಮೂರನೆಯ ಸಂಜೆ ಅಡಿಗೆಯ ಅವ್ವ ನನ್ನ ತೊಡೆ ಚಿವುಟಿ, ಕಿವಿಯಲ್ಲಿ, "ಆಕೀದ ಎಷ್ಟಂತ ತಗಸ್ತೀರಿ? ಈಗ ನಿಮ್ಮ ಮುಚ್ಚಳಾ ತಗೀರಿ" ಅಂದರು.

ನಾನು ಹೇಳಿದೆ, ಶೇಂಗಾ ಸುಲಿಯುತ್ತಲೇ. ನನಗೆ ಪದೇ ಪದೇ ಒಂದು ಕನಸು ಬೀಳುತ್ತದೆ. ಗಣಿತದ ಪರೀಕ್ಷೆಗೆ ಕೂತಿದ್ದೇನೆ, ಕೈಯಲ್ಲಿ ಪೆನ್ನಿನ ಬದಲು ಲಟ್ಟಣಿಗೆ. ಉತ್ತರ ಪತ್ರಿಕೆಯ ಮೇಲೆ ಚಪಾತಿ ಲಟ್ಟಿಸುತ್ತಿದ್ದೇನೆ, ಎಷ್ಟು ಲಟ್ಟಿಸಿದರೂ ದುಂಡಗಾಗುವುದಿಲ್ಲ, ಎಲ್ಲರೂ ನೋಡಿ ನಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಒಮ್ಮೆ ಗಣಿತದಲ್ಲಿ ಫೇಲಾಗಿದ್ದೆ. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ... ಅದನ್ನೂ ಹೇಳಿಬಿಟ್ಟೆ. ಹೇಳುವಾಗ ಕಿವಿ ಬಿಸಿಯಾಯಿತು. ಸಭೆಯ ಮುಂದೆ ಆ ಹುಡುಗಿಗೆ ಹೇಗಾಗಿತ್ತೆಂದು ಆಗ ನನಗೆ ಸರಿಯಾಗಿ ತಿಳಿಯಿತು.

ಅಡಿಗೆಯ ಅವ್ವ ಹೊಟ್ಟೆ ಹಿಡಿದು ನಕ್ಕರು. ಬಾಗಿಲ ಹಿಂದಿನಿಂದಲೂ ಒಂದು ಸಣ್ಣ ನಗು ಕೇಳಿತು. ಆಮೇಲೆ ಒಂದು ಪ್ರಶ್ನೆ: "ಆಮ್ಯಾಲ ಪಾಸಾದ್ರೇನ್ರಿ?"

ಸೋಮವಾರ ಅವಳು ಬಂದಳು. ಅಷ್ಟರಲ್ಲಿ ಅಡಿಗೆಯ ಅವ್ವ ಊಟದ ಸಾಲಿನ ಮುಂದೆ ನಿಂತು ತಮ್ಮ ಕಾನೂನು ಸಾರಿದ್ದರು: "ಆ ಹುಡುಗೀಗೆ ಯಾವನರ ಅಡ್ಡಹೆಸರು ಇಟ್ಟು ಕರದ್ರ, ಅವಗ ಎರಡನೇ ಸಲ ಸಾರಿಲ್ಲ ನೋಡ್ರಲೇ!" ಅವರ ಸಾರಿನ ರುಚಿ ಅಂಥದು. ಎರಡೇ ದಿನದಲ್ಲಿ ಓಣಿ ಆ ಹೆಸರನ್ನು ಮರೆಯಿತು. ನಾನು ಹುಡುಗಿಯ ಕ್ಷಮೆ ಕೇಳಿ ಚಿತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪಾಟೀಚೀಲದ ತಳಕ್ಕಿಟ್ಟಳು.

ಆ ಊರಿನ ನನ್ನ ಕೊನೆಯ ದಿನ ಅಡಿಗೆಯ ಅವ್ವನ ಮುಂದೆ ಒಂದು ಹಾಳೆ ಇಟ್ಟೆ. "ಈಗ ನಿಮ್ಮದು" ಎಂದೆ. "ಏ, ನನಗ್ಯಾಕ ಬಿಡ್ರಿ, ಒಮ್ಮೀನೂ ಪೆನ್ಸಿಲ್ ಹಿಡದಾಕಿ ಅಲ್ಲ ನಾ" ಎಂದು ನಾಚಿದರು. ಆದರೆ ಹಾಳೆ ಹಿಂದಕ್ಕೆ ಕೊಡಲಿಲ್ಲ. ಬಹಳ ಹೊತ್ತು ನೋಡಿದರು. ಒಲೆಯಿಂದ ಒಂದು ಆರಿದ ಇದ್ದಿಲು ತಂದು ನಡುವೆ ಒಂದು ದುಂಡು ಗೆರೆ ಎಳೆದರು. ಸುತ್ತು ಸರಿಯಾಗಿ ಕೂಡಿತು.

"ಇದು ಬಾಯಿ" ಅಂದರು. "ಇವತ್ತ ಇಷ್ಟ. ಗಾಳಿ ಆಡ್ಲಿ. ಮತ್ತ ಬರ್ತೀರೆಲ್ಲ, ಆವಾಗ ಇಳೀತೀನಿ. ನೀವು ಹಗ್ಗಾ ಹಿಡೀರಿ."

"ಬರ್ತೀನ್ರಿ" ಎಂದೆ. ಹಾಳೆಯನ್ನು ಸುರುಳಿ ಸುತ್ತಿ ಟ್ರಂಕಿನಲ್ಲಿಟ್ಟುಕೊಂಡೆ.

ಹೋಗಲಿಲ್ಲ. ಕಲಘಟಗಿ ಕಡೆಯ ಶಾಲೆಗಳು ಬಂದವು, ಅಣ್ಣಿಗೇರಿ ಬಂತು, ನವಲಗುಂದ ಬಂತು... ಮುಂದಿನ ವಾರ, ದೀಪಾವಳಿ ಆದ ಮೇಲೆ, ಬೇಸಿಗೆಯಲ್ಲಿ ಅನ್ನುತ್ತ ವರ್ಷಗಳು ಸರಿದವು. ಅವರು ಕಲಿಸಿದ್ದನ್ನು ಊರೂರಿಗೆ ಹಂಚಿದೆ, ಅವರಿಗೆ ಕೊಟ್ಟ ಮಾತೊಂದನ್ನು ಬಿಟ್ಟು. ಹೋದ ಬೇಸಿಗೆಯಲ್ಲಿ ಆ ಹುಡುಗಿ ಫೋನು ಮಾಡಿದಳು. ಈಗ ಅವಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. "ಅಡಿಗಿ ಅವ್ವಾರು ತೀರಿಹೋದ್ರು ಅಕ್ಕೋರ. ಕಡೀಕೂ ಕೇಳ್ತಿದ್ರು, ಆ ಚಿತ್ರದ ಅಕ್ಕೋರು ಬಂದ್ರೇನು ಅಂತ" ಎಂದಳು. ಅಂದು ನಾನು ಅತ್ತಷ್ಟು ನನ್ನ ತಾಯಿ ಹೋದಾಗಲೂ ಅತ್ತಿರಲಿಲ್ಲ.

ದುಮ್ಮವಾಡದ ಆ ಶಾಲೆಯಲ್ಲಿ ಟ್ರಂಕಿಗೆ ಗಾಳಿ ಆಡಿದ ಮೇಲೆ ಒಂದೊಂದೇ ಹಾಳೆ ಹೊರಗೆ ತೆಗೆದೆ. ತಳದಲ್ಲಿ ಆ ಸುರುಳಿ ಇತ್ತು. ಬಿಚ್ಚಿದೆ. ಇದ್ದಿಲು ಸ್ವಲ್ಪ ಮಾಸಿತ್ತು, ದುಂಡು ಹಾಗೇ ಇತ್ತು. ಹಾವು ಐತೇನ್ರಿ ಅಂದಿದ್ದ ಹುಡುಗಿ ಮೊಣಕೈ ಊರಿ ಇಣುಕಿದಳು.

"ಇದರಾಗ ಏನೂ ಇಲ್ಲೆಲ್ರಿ ಅಕ್ಕೋರ?"

ಹಗೇವಿನ ಕಥೆ ಹೇಳಿದೆ. ಬಾಯಿ ತೆಗೆದಿಟ್ಟವರು ಒಳಗೆ ಇಳಿಯಲಿಲ್ಲ, ಹಗ್ಗ ಹಿಡಿಯಬೇಕಾಗಿದ್ದವಳು ನಾನು, ನಾನು ಹೋಗಲೇ ಇಲ್ಲ ಎಂದೂ ಹೇಳಿದೆ. ಮಕ್ಕಳ ಮುಂದೆ ನನ್ನ ಸೋಲು ಮುಚ್ಚಿಡುವುದನ್ನು ಶೇಂಗಾ ಸುಲಿದ ಆ ಸಂಜೆಯೇ ಬಿಟ್ಟಿದ್ದೇನೆ. ಹೇಳಿ, ಹಾಳೆಯನ್ನು ಮತ್ತೆ ಸುತ್ತಿ ಟ್ರಂಕಿನೊಳಗೆ ಇಡಲು ಬಾಗಿದೆ.

ಹುಡುಗಿ ನನ್ನ ಮಣಿಕಟ್ಟು ಹಿಡಿದಳು. "ಹಂಗಾದ್ರ ಮತ್ತ ಮುಚ್ಚಬ್ಯಾಡ್ರಿ ಅದನ್ನ" ಅಂದಳು.

ಆ ಹಾಳೆಯನ್ನು ಕಪ್ಪುಹಲಗೆಯ ಬಾಜು, ಕಿಟಕಿಯ ಗಾಳಿ ತಾಗುವ ಕಡೆ ಅಂಟಿಸಿದೆ. ಅವತ್ತು ಮೊದಲ ದಿನ. ಮಕ್ಕಳಿಗೆ ಹಾಳೆ ಕೊಡಲಿಲ್ಲ.