ತೊಟ್ಟಿಯ ನೀರೊಳ್ಳೆ, ಮೇಷ್ಟ್ರ ನಡಿಗೆ

ಮೇಷ್ಟ್ರ ಬಲಗೈ ಹೆಬ್ಬೆರಳ ಬುಡದಲ್ಲಿ ನೀರೊಳ್ಳೆ ಹಾವು ಕಚ್ಚಿದ ಗುರುತುಗಳು ಸಾಸಿವೆ ಚೆಲ್ಲಿದ ಹಾಗಿದ್ದವು. ವಿಷವಿಲ್ಲದ ಹಾವು. ಕಚ್ಚಿದಾಗಲೆಲ್ಲ ಕೈ ತೊಳೆದುಕೊಂಡು, "ತಪ್ಪು ನಂದೇ, ಗಟ್ಟಿಯಾಗಿ ಹಿಡಿದೆ" ಎನ್ನುತ್ತಿದ್ದರು.

ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವರು, ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲಕ್ಕೆ ಅಲ್ಲಿ ಮನೆ ಕಟ್ಟಿದ್ದರು. ಇಟ್ಟಿಗೆ ನೆನೆಸಲು ಮಾಡಿಸಿದ್ದ ಉದ್ದನೆಯ ತೊಟ್ಟಿಯನ್ನು ಒಡೆಸದೆ ಉಳಿಸಿಕೊಂಡಿದ್ದರು. ಕೆರೆಯಿಂದ ತಂದ ನೀರೊಳ್ಳೆಗಳನ್ನು, ಬಿಸಿಲಿಗೆ ನೀರು ಬೆಚ್ಚಗಾದ ಮೇಲೆ, ಅದರಲ್ಲಿ ಈಜಲು ಬಿಡುವರು. ಯಾವ ಹಾವು ಆ ತುದಿಯಿಂದ ಈ ತುದಿಗೆ ಎಷ್ಟು ಹೊತ್ತಿಗೆ ಬರುತ್ತದೆಂದು ಪಟ್ಟಿ ಮಾಡುತ್ತಿದ್ದರು; ಭಾನುವಾರ ಸ್ಟಾಪ್‌ವಾಚ್ ಒತ್ತುವ ಕೆಲಸ ನನ್ನದು.

ಒಂದು ದಿನ ಒಂದು ಹಾವು ಅರ್ಧ ತೊಟ್ಟಿಗೇ ನಿಂತುಬಿಟ್ಟಿತು. ನಾನು ಕಡ್ಡಿಯಿಂದ ಬಾಲ ತಿವಿದೆ. ಮೇಷ್ಟ್ರು ಕಡ್ಡಿ ಕಿತ್ತುಕೊಂಡರು.

"ಮೊಟ್ಟೆ ತುಂಬಿದೆ ಕಣಯ್ಯ ಅದಕ್ಕೆ. ಹಿಂದಿನ ಅರ್ಧ ಮೈ ಬಗ್ತಾನೇ ಇಲ್ಲ, ಬಗ್ಗದೆ ನೀರು ತಳ್ಳೋದು ಹ್ಯಾಗೆ? ಎಷ್ಟೊತ್ತಾಗತ್ತೋ ಆಗ್ಲಿ, ಕಾಯಿ."

"ಹಾಗಾದ್ರೆ ಇದನ್ನ ಪಟ್ಟಿಯಿಂದ ಬಿಡೋಣ್ವಾ ಸಾರ್?"

"ಬಿಟ್ರೆ ಪಟ್ಟಿಲಿ ಓಡೋವ್ರೇ ಉಳೀತಾರೆ."

ಬಟ್ಟೆ ಒಣಹಾಕುತ್ತಿದ್ದ ಅವರ ಹೆಂಡತಿ ನಕ್ಕರು. ಆಕೆ ಆರು ತಿಂಗಳ ಬಸುರಿ. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಈ ಸಲ ಅವಸರದ ನಡಿಗೆ ಕೂಡದೆಂದು ಡಾಕ್ಟರಮ್ಮ ಹೇಳಿದ್ದರು. ಆದರೂ ಆಸ್ಪತ್ರೆಗೆ ಹೋಗುವ ದಿನ ಮೇಷ್ಟ್ರು, ಆಗಿನ ಗಂಡಸರೆಲ್ಲರಂತೆ, ಹತ್ತು ಮಾರು ಮುಂದೆ ನಡೆದು, ತಿರುಗಿ "ಬಸ್ ಹೋಗತ್ತೆ, ಬೇಗ ಬಾ" ಎಂದು ಕೂಗುವುದನ್ನು ನಾನೇ ಕಂಡಿದ್ದೆ.

"ರೀ, ಹಾವಿಗಾದ್ರೆ ವಾಚ್ ಹಿಡ್ಕೊಂಡು ಕಾಯ್ತೀರಿ. ನನಗೆ ಬಸ್ ತೋರಿಸ್ತೀರಿ," ಎಂದರು ಆಕೆ. "ನಾನೂ ತೊಟ್ಟಿಗೆ ಇಳೀಲಾ?"

ಹಾವು ಅಂತೂ ಈ ತುದಿ ಮುಟ್ಟಿದಾಗ ವಾಚ್ ಒತ್ತಲು ನಾನು ಮರೆತಿದ್ದೆ. ಸಂಜೆ ಅವರೇ ಅದನ್ನು ಕೆರೆಗೆ ಬಿಟ್ಟು ಬಂದರು. ಅಂದಿನ ನನ್ನ ದಿನಚರಿಯಲ್ಲಿ "ಒಂದು ಹಾವು ಬಹಳ ನಿಧಾನ" ಎಂದಷ್ಟೇ ಇದೆ. ಆಕೆಯ ಮಾತು ನೆನಪಿನದು. ಇಷ್ಟು ವರ್ಷಗಳಲ್ಲಿ ನಾನೇ ಅದನ್ನು ಚೂಪು ಮಾಡಿರಬಹುದು.

ಮುಂದಿನ ಸಲ ಆಸ್ಪತ್ರೆಯ ದಿನ ಕಂಡದ್ದನ್ನು ಮಾತ್ರ ಬರೆದಿಟ್ಟಿದ್ದೇನೆ. ಆಕೆ ಮುಂದೆ, ಮೇಷ್ಟ್ರು ಒಂದು ಹೆಜ್ಜೆ ಹಿಂದೆ, ಆಕೆಯ ತಲೆಯ ಮೇಲೆ ಕೊಡೆ ಹಿಡಿದು. ಬಸ್ಸು ಬಂದು ಹೊರಟೇಹೋಯಿತು. ಬಡಾವಣೆಗೂ ಮುಂಚೆ ಅಲ್ಲಿದ್ದ ಹಳೇ ಹಳ್ಳಿಯ ಗೌಡರೊಬ್ಬರು ಕಟ್ಟೆಯ ಮೇಲಿಂದ, "ಏನ್ ಮೇಷ್ಟ್ರೇ, ಅಮ್ಮಾವ್ರ ಮೆರವಣಿಗೆ ಹೊಂಟೈತೆ?" ಎಂದರು.

"ಹೌದು ಗೌಡ್ರೆ, ಮುಂದಿನ ಬಸ್ಸಿಗೆ."

ತಿಂಗಳು ತುಂಬಿ ಮಗಳು ಹುಟ್ಟಿದಳು.

ಮೇಷ್ಟ್ರಿಂದ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಈ ನಡಿಗೆಯನ್ನೇ ಹೇಳುತ್ತಿದ್ದೆ. ಅವರು ತೀರಿಕೊಂಡ ದಿನ ನನ್ನ ಹೆಂಡತಿಗೂ ಹೇಳಿ, "ನೀನು ಬಸುರಿಯಾಗಿದ್ದಾಗ ನಾನೂ ಹಾಗೇ ನಡೀತಿದ್ನಲ್ಲ?" ಎಂದೆ.

"ಎಲ್ಲಿ," ಎಂದಳು ಅವಳು. "ಒಂಬತ್ತು ತಿಂಗಳೂ ನಿಮ್ಮ ಬೆನ್ನು ನೋಡ್ಕೊಂಡೇ ನಡೆದೆ."