ಪುಟ್ಟಗೌರಮ್ಮನ ಮುಯ್ಯಿ

ಚಿಕ್ಕಯ್ಯನಛತ್ರದಿಂದ ಹೆಮ್ಮಿಗೆಗೆ ಸೊಸೆಯಾಗಿ ಬಂದ ಪುಟ್ಟಗೌರಮ್ಮ ಗಟ್ಟಿ ಹೆಂಗಸು. ಕೆಲಸಕ್ಕೂ ಗಟ್ಟಿ, ಹೊಟ್ಟೆಕಿಚ್ಚಿಗೂ ಗಟ್ಟಿ. ಆ ಕಿಚ್ಚೆಲ್ಲ ವಾರಗಿತ್ತಿ ಚನ್ನಾಜಮ್ಮನ ಮೇಲೆ. ತಿ. ನರಸೀಪುರದ ಪ್ರಾರ್ಥನಾ ಮಂದಿರಕ್ಕೆ ಮೊದಲು ಹೋದವಳು ಪುಟ್ಟಗೌರಮ್ಮ. ಮೈದುನನ ಹೆಂಡತಿಯನ್ನು ಕೈಹಿಡಿದು ಕರೆದೊಯ್ದವಳೂ ಅವಳೇ. ಈಗ ಪಾಸ್ಟರು ಹಾಡು ಎತ್ತಿಕೊಡಲು ಕರೆಯುವುದು ಚನ್ನಾಜಮ್ಮನನ್ನು! ಅವಳು ಪ್ರಾರ್ಥಿಸುವಾಗ ಇಡೀ ಸಭೆ ಕಣ್ಣು ಮುಚ್ಚುತ್ತದೆ. ಇವಳು ಮಾತ್ರ ಕಣ್ಣು ಬಿಟ್ಟುಕೊಂಡು ಅವಳ ಹೊಸ ಸೀರೆ ನೋಡುತ್ತಾಳೆ.

೧೯೯೮ರ ನಾಟಿ ಕಾಲ. ಆಳು ಸಿಗದಾಗ ಊರಲ್ಲಿ ಮುಯ್ಯಿ ನಡೆಯುತ್ತದೆ: ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಚನ್ನಾಜಮ್ಮ ಬಂದು ಪುಟ್ಟಗೌರಮ್ಮನ ನಾಟಿ ಮುಗಿಸಿಕೊಟ್ಟಿದ್ದಳು. ಇವಳು ಆ ಮುಯ್ಯಿ ತೀರಿಸಬೇಕಾದದ್ದು ಸೋಮವಾರ. ಭಾನುವಾರ ಪಾಸ್ಟರು ಹೇಳಿದರು: “ಮುಯ್ಯಿ ತೀರಿಸುವ ಗೊಡವೆ ನಿಮಗೆ ಬೇಡ. ಅದನ್ನು ದೇವರಿಗೆ ಬಿಡಿ.” ಅವರು ಹೇಳುತ್ತಿದ್ದದ್ದು ಸೇಡಿನ ಮಾತು. ಪುಟ್ಟಗೌರಮ್ಮನಿಗೆ ಬೇಕಾದ ಹಾಗೆ ಕೇಳಿಸಿತು.

ಮರುದಿನ ಅವಳು ಜಗಲಿ ಬಿಟ್ಟು ಏಳಲಿಲ್ಲ. ಸಭೆಯ ಕಡೆ ತಲೆಯೂ ಹಾಕದ ಗಂಡ ಹುಚ್ಚಯ್ಯ ಕೇಳಿದ:

“ನಾಟಿಗೆ ಓಗಾಕಿಲ್ವಾ? ಕಿತ್ತ ಪೈರು ಒಣಗ್ತಾ ಅದೆ ಕಣಮ್ಮಿ.”

“ಮುಯ್ಯಿ ತೀರಿಸ್ಬ್ಯಾಡಿ ಅಂತ ಬೈಬಲ್ ವಾಕ್ಯನೇ ಅದೆ. ದೇವ್ರೇ ತೀರಿಸ್ತಾನಂತೆ.”

ಹುಚ್ಚಯ್ಯ ನಕ್ಕುಬಿಟ್ಟ. “ಅಂಗಾರೆ ನಿಮ್ಮ ಯೇಸಪ್ಪ ಪಂಚೆ ಎತ್ತಿ ಕಟ್ಕಂಡು ಚನ್ನಾಜಿ ಗದ್ದೆಗೆ ಇಳೀತಾನಾ? ನಿಂಗೆ ಇಷ್ಟ ಬಂದದ್ದೆಲ್ಲ ದೇವ್ರ ಮಾತಾ?”

ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿಯಿತು. ಪಾಸ್ಟರು ಹೇಳಿದ್ದು ಸೇಡಿನ ಮಾತೆಂದು ಭಾನುವಾರವೇ ಒಳಗೊಳಗೆ ಗೊತ್ತಿತ್ತು. ಹೋಗಲು ಮನಸ್ಸಿರಲಿಲ್ಲ, ಅದಕ್ಕೇ ತಿಳಿಯದವಳಂತಿದ್ದಳು. ಸೆರಗು ಸಿಕ್ಕಿಸಿ, ಗಂಡನನ್ನು ಬೈಯುತ್ತಲೇ ಹೋಗಿ ಗದ್ದೆಗೆ ಇಳಿದಳು.

ಚನ್ನಾಜಮ್ಮನ ಮುಖ ಅರಳಿತು. “ಬತ್ತೀಯ ಅಂತ ಗೊತ್ತಿತ್ತು ಕಣಕ್ಕ. ನಮ್ಮಕ್ಕನ ಮನಸ್ಸು ತಿರುಗ್ಸಪ್ಪ ಅಂತ ಬೆಳಿಗ್ಗೆಯಿಂದ ಪ್ರಾರ್ಥನೆ ಮಾಡ್ತಿದ್ದೆ.”

ಅಂದರೆ ತಾನು ಬಂದದ್ದೂ ಇವಳ ಪ್ರಾರ್ಥನೆಯಿಂದಲೇ! ಬರುವ ಭಾನುವಾರ ಎಲ್ಲರ ಮುಂದೆ ನಿಂತು ಇದನ್ನೇ ಸಾಕ್ಷಿ ಹೇಳುತ್ತಾಳೆ. ಪುಟ್ಟಗೌರಮ್ಮನಿಗೆ ಬದು ಹತ್ತಿ ಮನೆಗೆ ಹೊರಟುಬಿಡೋಣ ಅನ್ನಿಸಿತು. ಆದರೆ ‘ನಿನ್ನ ಮುಯ್ಯಿ ನೀನು ತೀರಿಸು’ ಎಂದು ದೇವರು ಹೇಳುತ್ತಿರುವುದು ಈ ಸಲ ಕೇಳಿಸಲಿಲ್ಲ ಅನ್ನುವಂತಿರಲಿಲ್ಲ.

“ಪೈರು ಕೊಡೇ,” ಅಂದಳು.

ಸಂಜೆಯವರೆಗೂ ಬಗ್ಗಿದ ಬೆನ್ನು ಎತ್ತಲಿಲ್ಲ. ಚನ್ನಾಜಮ್ಮನಿಗಿಂತ ಒಂದು ಸಾಲು ಹೆಚ್ಚಿಗೇ ನೆಟ್ಟಳು.