ನನ್ನ ದನಿ ಇಟ್ಟುಕೊಂಡಿದ್ದ ಶಶಿಧರ

ಶಶಿಧರ ನಮ್ಮ ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ಹಳೇ ಮೊಬೈಲುಗಳನ್ನು ತೂಗುಹಾಕಿದ್ದ. ಒಂದರ ಗಾಜು ಒಡೆದಿತ್ತು. ಇನ್ನೊಂದಕ್ಕೆ ಬೆನ್ನಿನ ಮುಚ್ಚಳವೇ ಇರಲಿಲ್ಲ, ರಬ್ಬರ್ ಬ್ಯಾಂಡ್ ಸುತ್ತಿದ್ದ. ದಾರದ ತುದಿಯಲ್ಲಿ ಬಾವಲಿಗಳ ಹಾಗೆ ನೇತಾಡುತ್ತಿದ್ದವು. ಯಾರೂ ಮುಟ್ಟದೆ ಅವು ಹೊತ್ತಿಕೊಳ್ಳುತ್ತಿದ್ದವು. ಹೊತ್ತಿಕೊಂಡು ಮಾತಾಡುತ್ತಿದ್ದವು. ಮಾತಾಡುತ್ತಿದ್ದದ್ದು ನನ್ನ ದನಿಯಲ್ಲಿ.

ಮೊದಲ ಸಲ ಅದನ್ನು ಕೇಳಿದಾಗ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಶಶಿ ಬಾಳ್ಳುಪೇಟೆಗೆ ಹೋಗಿದ್ದ. ಸೊಸೆ ಗಿರಿಜಾ ಎಸ್ಟೇಟ್ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲ. ಒಳಗಿನಿಂದ ನಾನೇ ಕೂಗಿದೆ: "ಏಯ್, ಆನೆ ಬಂದೈತೆ. ಆಚೆಗೆ ಬರಬ್ಯಾಡ್ರಿ." ಹಸು ಕಿವಿ ನಿಮಿರಿಸಿ ಕೋಣೆಯ ಕಡೆ ನೋಡಿತು. ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ನೋಡಲಿಲ್ಲ. ಅದು ನನಗೆ ಸರಿಬರಲಿಲ್ಲ.

ಸಂಜೆ ಅವನು ಬಂದ ಮೇಲೆ ಬೈದೆ. "ನನ್ನ ದನಿ ಕದ್ದು ಸತ್ತೋರ ಬಟ್ಟೆ ನೇತಾಕ್ದಂಗೆ ನೇತಾಕಿದ್ದೀಯಲ್ಲೋ."

"ಕದ್ದಿಲ್ಲ ಕಣವ್ವ, ನೀನೇ ಕೊಟ್ಟಿದ್ದು," ಅಂದ.

ಅದೂ ನಿಜವೇ. ಯಾಕೆ ಕೊಟ್ಟೆ ಅಂತ ಹೇಳಬೇಕು.

ಶಶಿ ಆಲೂರು ಕಡೆಯವನು. ನಲವತ್ತರ ಹತ್ತಿರದ ವಯಸ್ಸು, ಉದ್ದ ಕೈ, ಸಣ್ಣ ದನಿ. ಬೆಳಿಗ್ಗೆ ವಿಭೂತಿ ಇಟ್ಟುಕೊಳ್ಳದೆ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ನಮ್ಮ ಮನೆ ಏರಿನ ಮೇಲಿದೆ. ಸುತ್ತಮುತ್ತ ಫೋನಿಗೆ ನೆಟ್ ಸರಿಯಾಗಿ ಸಿಗುವುದು ಇಲ್ಲಿ ಮಾತ್ರ. ಅದಕ್ಕೇ ಬಾಡಿಗೆಗೆ ಬಂದ. ಫೋನಿಗೆ ಪ್ರೋಗ್ರಾಮ್ ಬರೆಯುವುದು, ಇಂಟರ್ನೆಟ್ಟಿಗೆ ಬರೆಯುವುದು, ಮೆಷಿನ್ನಿನ ಹೊಟ್ಟೆಯೊಳಕ್ಕೆ ಬರೆಯುವುದು, ಮೂರೂ ಅವನ ಕಸುಬು. ಹೊಟ್ಟೆಪಾಡು ಅದರಿಂದ ನಡೆಯುತ್ತಿತ್ತು. ಅದರ ಜೊತೆಗೆ ಆನೆಯ ಕೆಲಸವನ್ನು ಮೈಮೇಲೆ ಹಾಕಿಕೊಂಡ. ಅದನ್ನು ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಏರಿನ ಮನೆಗಳ ಹೆಂಗಸರು ಕೆಲಸಕ್ಕೆ ಎದುರಿನ ಎಸ್ಟೇಟಿಗೆ ಹೋಗುತ್ತಾರೆ. ನಡುವೆ ಹಳ್ಳ ಇಳಿದು ಹತ್ತಬೇಕು. ಆ ದಾರಿಯಲ್ಲಿ ಆನೆ ನಿಂತಿದ್ದರೆ, ಮಂಜಿನ ಹೊತ್ತಿನಲ್ಲಿ, ಅದರ ಕಾಲ ಬುಡಕ್ಕೆ ಹೋಗುವವರೆಗೂ ಕಾಣುವುದಿಲ್ಲ. ಶಶಿ ಅಲ್ಲಿ ಸ್ವಲ್ಪ ನೆಟ್ ಸಿಗುವ ಒಂದು ಮರ ಹುಡುಕಿ, ಕಣ್ಣಿರುವ ಒಂದು ಡಬ್ಬಿ ಕಟ್ಟಿದ. ಡಬ್ಬಿ ಆನೆ ಕಂಡರೆ ಕಂಪ್ಯೂಟರಿಗೆ ಹೇಳಬೇಕು, ಕಂಪ್ಯೂಟರ್ ಎಲ್ಲರಿಗೂ ಫೋನ್ ಮಾಡಬೇಕು. ಒಬ್ಬ ಹೆಂಗಸೂ ಗೊತ್ತಿಲ್ಲದೆ ಆ ದಾರಿಗೆ ಕಾಲಿಡಬಾರದು. ಅವನಿಗೆ ಬೇಕಿದ್ದದ್ದು ಅಷ್ಟೇ.

ಮೊದಲು ಯಾವುದೋ ಮೆಷಿನ್ ಹುಡುಗಿಯ ದನಿ ಹಾಕಿದ್ದ. ಎಲ್ಲರೂ ಸಾಲ ಕೊಡುವ ಕಂಪನಿಯವರು ಅಂದುಕೊಂಡು ಕಟ್ ಮಾಡಿದರು. ಆಗ ನನ್ನ ಹತ್ತಿರ ಬಂದು, "ಅವ್ವ, ನೀನು ಬೈದ್ರೆ ಇಡೀ ಏರು ಕೇಳ್ತೈತೆ. ಒಸಿ ಇದ್ರೊಳಗೆ ಬೈ," ಅಂದ. ಬೈದೆ. ಆಮೇಲೆ ಜಾಗದ ಹೆಸರುಗಳನ್ನು ಬಿಡಿಬಿಡಿಯಾಗಿ ಹೇಳಿಸಿದ. ಹಳ್ಳದ ದಾರಿ. ಸ್ಟೋರ್ ಹಿಂದೆ. ಲೈನ್ ಮನೆಗಳ ಮುಂದೆ. ಮನುಷ್ಯರ ಹೆಸರುಗಳನ್ನೂ ಹೇಳಿಸಿದ. ಅವನ್ನು ಬೇಕಾದ ಹಾಗೆ ಜೋಡಿಸಿಕೊಳ್ಳುತ್ತಿದ್ದ. ನಾನು ಯಾವತ್ತೂ ಆಡದ ಮಾತು ನನ್ನ ಬಾಯಿಂದ ಬಂದ ಹಾಗೆ ಬರುತ್ತಿತ್ತು. ಹೆಸರು ಕೂಗುವಾಗ ಉಸಿರೆಳೆದುಕೊಂಡ ಸದ್ದು ಕೂಡ ನನ್ನದೇ.

ಪಕ್ಕದ ಮನೆಯ ಸುಶೀಲ ಆಡಿಕೊಂಡಳು. "ಏನ್ ಪುಟ್ಟಮ್ಮಕ್ಕ, ಎದುರಿಗೆ ಬೈದಿದ್ದು ಸಾಲ್ದು ಅಂತ ಈಗ ಫೋನ್ ಮಾಡಿ ಬೈತೀಯಾ? ನಮ್ಮತ್ತೆನೂ ಇಷ್ಟು ಕಾಟ ಕೊಟ್ಟಿರ್ಲಿಲ್ಲ ಕಣಕ್ಕ."

ನೇತಾಕಿದ್ದ ಫೋನುಗಳು ಯಾಕೆ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು: "ಹೊಸ ಫೋನಲ್ಲಿ ಏನ್ ಬರೆದ್ರೂ ಓಡ್ತೈತೆ ಅವ್ವ. ಇಲ್ಲಿ ಜನದ ಕೈಲಿರೋದು ಇಂಥವು. ಇವುಗಳಲ್ಲಿ ಓಡಿದ್ರೆ ಓಡ್ತು."

ಈ ಕಸುಬು ಕಲಿಯುವ ಹುಡುಗ ಹುಡುಗಿಯರು ಹಾಸನದಿಂದ ಅವನಿಗೆ ಫೋನ್ ಮಾಡುತ್ತಿದ್ದರು. ಅವನು ಸ್ಪೀಕರ್ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಾ ಬುದ್ಧಿ ಹೇಳುತ್ತಿದ್ದ. ಮೆಣಸು ಆರಿಸುತ್ತಾ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

"ಕೆಟ್ಟೋಗೈತೆ ಅಂದ ತಕ್ಷಣ ಕೈ ಹಾಕ್ಬ್ಯಾಡ. ಮೊದ್ಲು ನೀನೇ ಇನ್ನೊಂದ್ಸಲ ಕೆಡ್ಸು. ಬೇಕು ಅಂದಾಗ ಕೆಡ್ಸಕ್ಕೆ ಬಂತು ಅಂದ್ರೆ ಅರ್ಧ ರಿಪೇರಿ ಆದಂಗೆ."

"ಒಂದ್ಸಲಕ್ಕೆ ಒಂದೇ ಬದಲಾಯ್ಸು ಮಾರಾಯ. ಎರಡು ಮುಟ್ಟಿ ಸರಿಹೋದ್ರೆ ಯಾವ್ದರಿಂದ ಸರಿಹೋಯ್ತು ಅಂತ ಯಾರನ್ನ ಕೇಳ್ತೀಯ?"

"ನೆಟ್ ಇಲ್ಲ ಅಂದ್ಕಂಡೇ ಬರಿ. ನಿಮ್ಮ ಹಾಸನದಲ್ಲಿ ಇರ್ತೈತೆ, ಯಸಳೂರು ಬಸ್ಸು ಹತ್ತಿ ಕೂತ್ಮೇಲೆ ಇರಲ್ಲ."

ಒಬ್ಬ ಹುಡುಗ, "ಸಾರ್, ನನ್ನ ಫೋನಲ್ಲಿ ಚೆನ್ನಾಗೇ ಓಡ್ತೈತೆ, ಅವರ ಫೋನಲ್ಲೇ ಏನೋ ತೊಂದ್ರೆ," ಅಂತ ವಾದ ಹಾಕಿದ. ಶಶಿ, "ಹಂಗಾದ್ರೆ ನಿನ್ನ ಫೋನ್‌ನೇ ಅವರಿಗೆ ಕೊಟ್ಬುಡು," ಅಂತ ಹೇಳಿ ಇಟ್ಟುಬಿಟ್ಟ.

ತನ್ನ ಕೆಲಸ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವನು ನನ್ನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದ. "ಅವ್ವ, ಸುಮ್ನೆ ಕೇಳ್ಕ," ಅನ್ನುತ್ತಿದ್ದ. ಡಬ್ಬಿ ಹೀಗೆ ನೋಡುತ್ತದೆ, ಅದು ಹೀಗೆ ಕಳಿಸುತ್ತದೆ, ಇದು ಹೀಗೆ ಎಣಿಸುತ್ತದೆ ಅಂತ ಮೊದಲಿನಿಂದ ಹೇಳುತ್ತಾ ಬರುತ್ತಿದ್ದ. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಡುವೆ ತಟ್ಟನೆ ಮಾತು ನಿಲ್ಲಿಸುತ್ತಿದ್ದ. ಕಣ್ಣು ನನ್ನ ಮುಖದ ಮೇಲೆ, ಆದರೆ ನೋಡುತ್ತಿರುವುದು ನನ್ನ ಹಿಂದೆ ಯಾರೋ ನಿಂತಿರುವವರನ್ನು ಅನ್ನುವ ಹಾಗೆ. ನಾನು ತಿರುಗಿ ನೋಡಿದ್ದೂ ಉಂಟು. ಆಮೇಲೆ "ಅಯ್ಯೋ" ಅಂದು ಒಳಗೆ ಓಡುತ್ತಿದ್ದ.

"ನಾನೇನೂ ಹೇಳ್ಲೇ ಇಲ್ವಲ್ಲೋ," ಅಂದರೆ, "ಅದಕ್ಕೇ ಹೊಳೀತು. ತಿಳಿದೋರಿಗೆ ಹೇಳಿದ್ರೆ ಅವರು ನಡುವೆ ಬಾಯಿ ಹಾಕ್ತಾರೆ," ಅನ್ನುತ್ತಿದ್ದ.

ಹಾಗಿದ್ದವನು ಒಂದು ತಪ್ಪು ಮಾಡಿದ. ಅದು ತಪ್ಪು ಅಂತ ಹೊರಗಿನವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಬೆಳಿಗ್ಗೆ ಮಂಜಿನಲ್ಲಿ ಸುಶೀಲ ಮೊದಲು ಹೊರಟಿದ್ದಳು. ಹಳ್ಳಕ್ಕೆ ಇಳಿಯುವ ಕಡೆ ಅವಳ ಫೋನು ಒಂದು ಸಲ ಹೊಡೆದುಕೊಂಡು, ನೆಟ್ ಸಿಗದೆ ಕಟ್ ಆಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊಡೆದುಕೊಂಡು ಕಟ್ ಆಯಿತು. ಅವಳು ಕಾಲು ಬೀಸಿ ಕೆಳಗಿಳಿದಳು. ಆನೆ ಅಲ್ಲೇ ಇತ್ತು. ಸೊಂಡಿಲಲ್ಲಿ ತೆಗೆದು ಎಸೆದದ್ದಕ್ಕೆ ಬೇಲಿಯ ಆಚೆ ಬಿದ್ದು ಜೀವ ಉಳಿಯಿತು. ಸೊಂಟದ ಮೂಳೆ ಉಳಿಯಲಿಲ್ಲ.

ಶಶಿ ಆಸ್ಪತ್ರೆಗೆ ಹೋಗಿ ಅವಳ ಮಂಚದ ಪಕ್ಕ ನಿಂತ. ನಾನೂ ಇದ್ದೆ. "ಎರಡ್ಸಲ ಫೋನ್ ಬಂದೈತಲ್ಲ ಸುಶೀಲಕ್ಕ, ಆದ್ರೂ ಯಾಕೆ ಇಳಿದೆ?" ಅಂತ ಕೇಳಿದ.

"ಎರಡ್ಸಲ ಬಂತಲ್ಲ, ಅದಕ್ಕೇ ಇಳಿದೆ ಕಣಪ್ಪ," ಅಂದಳು ಸುಶೀಲ.

ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವನು ಬರುವುದಕ್ಕೆ ಮುಂಚಿನಿಂದಲೂ ನಮ್ಮಲ್ಲಿ ಆನೆ ಕಾವಲಿನವರು ಹೀಗೇ ತಿಳಿಸುತ್ತಿದ್ದರು. ಒಂದು ಮಿಸ್ ಕಾಲ್ ಬಂದರೆ ಆನೆ ಬಂದಿದೆ. ಎರಡು ಬಂದರೆ ಹೋಯಿತು. ಫೋನ್ ಎತ್ತುವ ಗೋಜೇ ಇಲ್ಲ. ಶಶಿ ತನ್ನ ಪ್ರೋಗ್ರಾಮಿಗೆ, ಒಂದು ಸಲ ಎತ್ತದಿದ್ದರೆ ಇನ್ನೊಂದು ಸಲ ಮಾಡು ಅಂತ ಬರೆದಿದ್ದ. ಒಳ್ಳೆಯದಕ್ಕೇ ಬರೆದಿದ್ದ. ಎಲ್ಲ ಕಡೆಯೂ ಹಾಗೇ ಬರೆಯುತ್ತಾರಂತೆ.

ಮನೆಗೆ ಬಂದು ಜಗಲಿಯಲ್ಲಿ ಕೂತ, ಊಟಕ್ಕೆ ಏಳಲಿಲ್ಲ. "ಅವಳ ಸೊಂಟ ಮುರಿದಿದ್ದು ನಾನೇ ಅವ್ವ," ಅಂದ.

"ಮುರಿದಿದ್ದು ಆನೆ ಕಣೋ. ನೀನು ಅಷ್ಟು ದೊಡ್ಡೋನಲ್ಲ. ಏಳು, ಸಾರು ಆರ್ತೈತೆ," ಅಂದೆ.

ಮರುದಿನದಿಂದ ಮನೆಮನೆಗೂ ಹೋಗಿ ಕೂತ. ಫೋನು ಹೊಡೆದುಕೊಂಡರೆ ಏನು ಮಾಡುತ್ತೀರಿ, ಎಲ್ಲಿ ಇಟ್ಟುಕೊಳ್ಳುತ್ತೀರಿ, ಕೆಲಸಕ್ಕೆ ಯಾರ ಜೊತೆ ನಡೆಯುತ್ತೀರಿ, ಎಲ್ಲ ಕೇಳಿದ. ಹಾಸನದ ಮಕ್ಕಳಿಗೆ ಆವತ್ತು ಹೇಳಿದ್ದು ಒಂದೇ: "ಬರೆಯೋಕೆ ಮುಂಚೆ ಹೋಗಿ ಅವರ ಅಡುಗೆಮನೆಲಿ ಕೂತ್ಕಳ್ರೋ. ನೀವು ಕೊಡೋ ವಸ್ತು ಅವರ ಹತ್ರ ಆಗಲೇ ಬೇರೆ ಏನಕ್ಕೋ ಬಳಕೆ ಆಗ್ತಿರ್ತೈತೆ."

ಆಮೇಲೆ ಎಲ್ಲ ಬದಲಾಯಿಸಿದ. ಒಬ್ಬರಿಗೆ ಒಂದೇ ಸಲ ಫೋನು. ಎತ್ತದಿದ್ದರೆ ಅವರ ಜೊತೆ ನಡೆಯುವವರಿಗೆ ಹೋಗಬೇಕು, ಇಂಥವಳನ್ನು ಹಿಡಿದು ನಿಲ್ಲಿಸು ಅಂತ. ಹಿಡಿದವರು ಒಂದು ನಂಬರ್ ಒತ್ತಬೇಕು. ಕಂಪ್ಯೂಟರಿನಲ್ಲಿ ಎಲ್ಲರ ಹೆಸರಿಗೂ ಒಂದೊಂದು ಬೊಟ್ಟು. ತಿಳಿದವರದು ಹಸಿರು, ತಿಳಿಯದವರದು ಕೆಂಪು. ಅದನ್ನು ನೋಡುವುದನ್ನು ನನಗೂ ಕಲಿಸಿದ.

ನನ್ನಿಂದ ಹೊಸದಾಗಿ "ಇನ್ನೂ ಹೋಗಿಲ್ಲ" ಅಂತ ಹೇಳಿಸಿದ. "ಹೋಯ್ತು ಅಂತಲೂ ಹೇಳ್ಲೇನೋ?" ಅಂದೆ.

"ಬ್ಯಾಡ. ಅದನ್ನ ಮೆಷಿನ್ ಹೇಳ್ಬಾರ್ದು. ಡಬ್ಬಿಗೆ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಹೋಯ್ತು ಅನ್ನಂಗಿಲ್ಲ ಅವ್ವ."

ಅದಾದ ಮೇಲೆ ಆ ಕೋಣೆ ಇನ್ನೂ ಕೆಟ್ಟದಾಯಿತು. ಅವನು ಪರೀಕ್ಷೆ ಮಾಡುವಾಗ ಗೋಡೆಯ ಮೇಲಿನ ಫೋನುಗಳು ಒಂದರ ಹಿಂದೆ ಒಂದು ನನ್ನ ದನಿಯಲ್ಲಿ "ಇನ್ನೂ ಹೋಗಿಲ್ಲ, ಇನ್ನೂ ಹೋಗಿಲ್ಲ" ಅನ್ನುತ್ತಿದ್ದವು. ಗಿರಿಜಾ ಆ ಕಡೆ ಕಸ ಗುಡಿಸುವುದನ್ನೇ ಬಿಟ್ಟಳು. "ಅತ್ತೆ, ನೀವು ಮಾತಾಡ್ತಿರೋದು ಯಾವ್ದು, ಅದು ಮಾತಾಡ್ತಿರೋದು ಯಾವ್ದು ಅಂತ ಗೊತ್ತಾಗಲ್ಲ," ಅಂದಳು. ಆನೆಗಳು ಮಾತ್ರ ಬರಲಿಲ್ಲ. ಹೆಗ್ಗದ್ದೆ ಕಡೆ ಹೋಗಿವೆ ಅಂದರು. ಹೆಂಗಸರು ಧೈರ್ಯವಾಗಿ ಹಳ್ಳದಲ್ಲೇ ಓಡಾಡಿದರು. ಶಶಿಗೆ ಮಾತ್ರ ನೆಮ್ಮದಿ ಇಲ್ಲ. "ನಿಜವಾದ ಆನೆ ಬಂದು, ಎಲ್ಲಾ ಹಸಿರಾಗೋವರೆಗೂ ಇದು ಓಡ್ತೈತೆ ಅಂತ ನಾನು ಒಪ್ಪಲ್ಲ," ಅನ್ನುತ್ತಿದ್ದ.

ಕೊನೆಯ ದಿನ ಮಧ್ಯಾಹ್ನವೇ ಮಂಜು ಇಳಿದಿತ್ತು. ಹಳ್ಳದ ಡಬ್ಬಿ ಬೆಳಿಗ್ಗೆಯಿಂದ ಬರೀ ಬಿಳಿ ತೋರಿಸುತ್ತಿತ್ತು. ಕಣ್ಣಿನ ಗಾಜಿಗೆ ನೀರು ಕೂತಿದೆ, ಹೆಂಗಸರು ವಾಪಸ್ ಬರುವ ಹೊತ್ತಿಗೆ ಒರೆಸಿ ಬರುತ್ತೇನೆ ಅಂತ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ. "ಕಾಫಿ ಕುಡ್ಕಂಡು ಹೋಗೋ," ಅಂದೆ. "ಬಂದು ಕುಡೀತೀನಿ," ಅಂದ. ಗೇಟು ದಾಟಿದ್ದೇ ತಡ, ಮಂಜಿನಲ್ಲಿ ಕಾಣದಾದ.

ನಾನು ಒಲೆಯ ಮುಂದೆ ಇದ್ದೆ. ಮುಂದಿನ ಕೋಣೆಯಲ್ಲಿ ಎಲ್ಲ ಫೋನುಗಳೂ ಒಟ್ಟಿಗೆ ಬಾಯಿ ಬಿಟ್ಟವು. "ಏಯ್, ಆನೆ ಬಂದೈತೆ. ಹಳ್ಳದ ದಾರಿ. ಇನ್ನೂ ಹೋಗಿಲ್ಲ." ನನ್ನ ಸೊಂಟದಲ್ಲಿದ್ದ ಫೋನೂ ಅದನ್ನೇ ಹೇಳಿತು.

ಅವನು ಗಾಜು ಒರೆಸಿದ್ದಾನೆ. ಒರೆಸಿದ ತಕ್ಷಣ ಡಬ್ಬಿಗೆ ಅವನ ಹಿಂದೆ ನಿಂತಿದ್ದದ್ದು ಕಂಡಿದೆ. ಎಷ್ಟು ಹೊತ್ತಿನಿಂದ ನಿಂತಿತ್ತೋ.

ಅವನಿಗೆ ಫೋನ್ ಮಾಡಿದೆ. ಎತ್ತಿದ. ಉಸಿರಲ್ಲೇ ಮಾತಾಡಿದ. "ಗೊತ್ತು ಅವ್ವ. ಇಲ್ಲೇ ಐತೆ. ಹಸಿರಾಯ್ತಾ ನೋಡು."

"ಸುಡುಗಾಡು ಹಸಿರು! ಓಡೋ ನೀನು."

"ಓಡಿದ್ರೆ ಬೆನ್ನು ಹತ್ತುತೈತೆ. ಗಿರಿಜಕ್ಕೋರು ಹೊರಡೋ ಹೊತ್ತು. ನೋಡವ್ವ."

ಕೋಣೆಗೆ ಹೋಗಿ ಕಂಪ್ಯೂಟರ್ ಮುಂದೆ ನಿಂತೆ. ಸುತ್ತ ನನ್ನ ದನಿ ಅರಚುತ್ತಿತ್ತು. ಬೊಟ್ಟುಗಳು ಒಂದೊಂದೇ ಹಸಿರಾದವು. ಒಂದು ಕೆಂಪಾಗೇ ಉಳಿಯಿತು. ಅದರ ಮುಂದಿನ ಹೆಸರನ್ನು ನಾನು ಅಕ್ಷರ ಕೂಡಿಸಿ ಓದಬೇಕಾಗಲಿಲ್ಲ.

"ಗಿರಿಜಂದು ಕೆಂಪಗೇ ಐತೆ ಕಣೋ."

"ತಡಿ. ಈಗ ಅವಳ ಜೊತೆ ನಡೆಯೋ ರತ್ನಂಗೆ ಹೋಗ್ತೈತೆ. ಬಿಡ್ಬ್ಯಾಡ, ನೋಡ್ತಿರು."

ಆ ಬೊಟ್ಟಿನ ಮೇಲೇ ಕಣ್ಣಿಟ್ಟು ನಿಂತೆ. ಫೋನಿನಲ್ಲಿ ತರಗೆಲೆ ಮುರಿದ ಸದ್ದು. ಗೋಡೆಯ ಫೋನುಗಳು ಒಂದೊಂದಾಗಿ ತಣ್ಣಗಾದವು. ಕೆಂಪು ಬೊಟ್ಟು ಮಿಣುಕಿತು, ಹಸಿರಾಯಿತು.

"ಶಶಿ, ಹಸಿರಾಯ್ತು ಕಣೋ. ಎಲ್ಲಾ ಹಸಿರಾಯ್ತು."

ಫೋನ್ ಕಟ್ ಆಗಿರಲಿಲ್ಲ. ಆ ಕಡೆ ಬರೀ ಉಸಿರಾಟ ಕೇಳುತ್ತಿತ್ತು. ನಿಧಾನವಾಗಿ, ಕುಲುಮೆಯ ತಿದಿ ಒತ್ತಿ ಬಿಟ್ಟ ಹಾಗೆ, ಒಳಗೆ, ಹೊರಗೆ. ಅಷ್ಟು ದೊಡ್ಡ ಉಸಿರು ಶಶಿಯ ಎದೆಯಲ್ಲಿ ಹಿಡಿಯುವಂಥದ್ದಲ್ಲ. ಇನ್ನೊಂದು ಸಲ "ಹಸಿರಾಯ್ತು" ಅಂದೆ. ಉಸಿರು ನಿಂತಿತು, ಕಿವಿಗೊಟ್ಟ ಹಾಗೆ. ಆಮೇಲೆ ಫೋನು ಕಟ್ ಆಯಿತು.

ಹೆಂಗಸರು ಎಸ್ಟೇಟ್ ಜೀಪಿನಲ್ಲಿ ರಸ್ತೆ ಸುತ್ತಿಕೊಂಡು ಬಂದರು. ಗಿರಿಜಾಳ ಫೋನಿಗೆ ಚಾರ್ಜ್ ಇರಲಿಲ್ಲ. ಅವಳು ಎಲ್ಲರಿಗಿಂತ ಮುಂದೆ ಹೊರಟು ಇಳಿಜಾರಿಗೆ ಬಂದಾಗಿತ್ತಂತೆ. ರತ್ನ ಹಿಂದಿನಿಂದ ಓಡಿ ಬಂದು ಜಡೆ ಹಿಡಿದು ಎಳೆದಳಂತೆ. ಕೂದಲು ಕಿತ್ತುಬಂದ ಜಾಗ ಸವರಿಕೊಂಡು ಅಂಗಳದಲ್ಲಿ ನಿಂತಿದ್ದಳು. "ಶಶಿಯಣ್ಣ ಎಲ್ಲಿ ಅತ್ತೆ?" ಅಂದಳು.

ಮಂಜು ಸರಿದ ಮೇಲೆ ಗಂಡಸರು ಹೋಗಿ ಅವನನ್ನು ಎತ್ತಿಕೊಂಡು ಬಂದರು. ಆಲೂರಿನಿಂದ ಅಣ್ಣಂದಿರು ಬಂದು, ತಮ್ಮ ತೋಟದಲ್ಲಿ ಕೂರಿಸಿ ಮಣ್ಣು ಮಾಡಿದರು. ನಾನೂ ಹೋಗಿ ಒಂದು ಹಿಡಿ ಹಾಕಿ ಬಂದೆ.

ಕೆಲಸ ಸರಿಯಾಯಿತು ಅಂತ ತಿಳಿದುಕೊಂಡೇ ಅವನು ಹೋದ ಅಂತ ಜನ ನನಗೆ ಸಮಾಧಾನ ಹೇಳುತ್ತಾರೆ. ಹೇಳುವವರು ಯಾರೂ ಆ ಫೋನನ್ನು ಕಿವಿಗೆ ಇಟ್ಟುಕೊಂಡಿರಲಿಲ್ಲ. ಹಸಿರಾಯ್ತು ಅಂತ ನಾನು ಎರಡು ಸಲ ಹೇಳಿದ್ದು ನಿಜ. ಆ ಕಡೆ ಕೇಳಿಸಿಕೊಂಡದ್ದು ಅವನೋ, ಅದೋ, ನನಗೆ ಗೊತ್ತಿಲ್ಲ.